ಏಳನೆಯ ನಳಿಕೆ

ಮನೆ, ಕಿಟಕಿಯ ಬದಿಯ ಮೇಜು
ಹದಿನಾಲ್ಕನೆಯ ತಾರೀಖು, ಸೋಮವಾರ, ಬೆಳಗ್ಗೆ ಹತ್ತೂವರೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಮಂಡಿನೋವು ಮೆಟ್ಟಿಲು ಹತ್ತುವಾಗ ಹೆಚ್ಚೋ ಇಳಿಯುವಾಗ ಹೆಚ್ಚೋ ಎಂದು ಕಳೆದ ಸಲ ಕೇಳಿದ್ದೆ. "ಹೂಂ ಅಕ್ಕ" ಎಂದು ಉತ್ತರ ಕೊಟ್ಟೆ. ಎರಡರಲ್ಲಿ ಒಂದನ್ನು ಆರಿಸು ಎಂದು ಕೇಳಿದ ಪ್ರಶ್ನೆಗೆ ಹೂಂ ಎಂದು ಉತ್ತರಿಸಿದವರಿಗೆ ನನ್ನ ತರಗತಿಯಲ್ಲಿ ಸೊನ್ನೆ ಬೀಳುತ್ತಿತ್ತು. ತಂಗಿಯೆಂದು ನಿನಗೆ ಅರ್ಧ ಅಂಕ ಕೊಟ್ಟಿದ್ದೇನೆ. ಮೊಮ್ಮಗಳಿಗೆ ಮುಂದಿನ ಹಲ್ಲು ಬಂತೇ? ಅಳಿಯನ ಕೆಮ್ಮು ಇಳಿಯಿತೇ? ಇಲ್ಲಿ ನಾವಿಬ್ಬರೂ ಓಡಾಡಿಕೊಂಡಿದ್ದೇವೆ. ನಿನ್ನ ಭಾವ ಗೋಡೆ ಗಡಿಯಾರವನ್ನು ಬಿಚ್ಚಿ ಒಂದು ವಾರವಾಯಿತು. ಪ್ರತಿ ಸಲ ಜೋಡಿಸಿ ಮುಗಿಸಿದಾಗಲೂ ಮೂರು ತಿರುಪುಗಳು ಉಳಿದುಕೊಳ್ಳುತ್ತವೆ. ಆ ಮೂರೂ ಗಡಿಯಾರ ಕೊಂಡ ದಿನದಿಂದಲೇ ಹೆಚ್ಚಾಗಿದ್ದವು ಎಂಬುದು ಅವರ ವಾದ. ಗಡಿಯಾರ ಓಡದಿರುವುದಕ್ಕೆ ಅವರು ಇನ್ನೂ ಕಾರಣ ಹೇಳಿಲ್ಲ.

ಫೋನು ಇರುವಾಗ ಕಾಗದವೇಕೆ ಎಂದು ನೀನು ಕೇಳಬಹುದು. ಕೇಳಬೇಡ. ಈ ವಿಷಯ ಎತ್ತಿದಾಗಲೆಲ್ಲ ನೀನು "ಅಯ್ಯೋ ಅಕ್ಕ, ಹಾಲು ಉಕ್ತಾ ಇದೆ, ಆಮೇಲೆ ಮಾಡ್ತೀನಿ" ಎಂದು ಫೋನಿಟ್ಟಿದ್ದೀಯೆ. ಹೀಗೆ ನಾಲ್ಕು ಸಲ ಆಗಿದೆ: ಎರಡು ಸಲ ಬೆಳಗ್ಗೆ, ಒಮ್ಮೆ ಮಧ್ಯಾಹ್ನ ಮೂರಕ್ಕೆ, ಒಮ್ಮೆ ನೀನು ಬಸ್ಸಿನಲ್ಲಿದ್ದಾಗ. ಚಲಿಸುವ ಬಸ್ಸಿನಲ್ಲಿ ಹಾಲು ಉಕ್ಕಿಸಿದ ಮೊದಲ ಹೆಂಗಸು ನೀನೇ ಇರಬೇಕು. ಕಾಗದವನ್ನು ನಡುವೆ ಕತ್ತರಿಸಲಾಗದು. ಒಲೆ ಆರಿಸಿ, ಕನ್ನಡಕ ಹಾಕಿಕೊಂಡು, ಕೊನೆಯವರೆಗೂ ಓದು.

ನೀನು ಇಲ್ಲಿಗೆ ನಾಲ್ಕು ದಿನಕ್ಕೆಂದು ಬಂದಿದ್ದಾಗ ನಡೆದದ್ದು ನಿನಗೆ ಅರ್ಧ ಗೊತ್ತು. ಅರ್ಧ ಗೊತ್ತಿರುವುದು ಏನೂ ಗೊತ್ತಿಲ್ಲದ್ದಕ್ಕಿಂತ ಅಪಾಯ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಆರೋಗ್ಯ ಕೇಂದ್ರದ ದಾದಿ ನಮ್ಮ ಕಟ್ಟಡಕ್ಕೆ ಬಂದು, ಮೂವತ್ತರಿಂದ ಅರವತ್ತೈದರ ಒಳಗಿನ ಹೆಂಗಸರೆಲ್ಲ ಗರ್ಭಕೊರಳಿನ ತಪಾಸಣೆಗೆ ಸೇರಬೇಕೆಂದು ಕರೆದಳಲ್ಲ, ಮೊದಲ ದಿನ ಒಬ್ಬರೂ ಬಾಗಿಲು ತೆರೆಯಲಿಲ್ಲ. ಒಳಗೆ ಟೀವಿ ಓಡುತ್ತಿತ್ತು, ಹೊರಗೆ ಮನೆಯಲ್ಲಿ ಯಾರೂ ಇಲ್ಲ ಎಂಬ ಉತ್ತರ ಬರುತ್ತಿತ್ತು. ಆಗ ಅವಳು ನನ್ನ ಬಳಿ ಬಂದು "ಟೀಚರ್, ನೀವು ಒಂದು ಮಾತು ಹೇಳಿದ್ರೆ ಕೇಳ್ತಾರೆ" ಎಂದಳು. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವಳಿಗೆ ಒಂದು ಮಾತು ಹೇಳಿ ಸುಮ್ಮನಾಗಲು ಬರುತ್ತದೆಯೇ? ನೆಲಮಹಡಿಯ ಸಭಾಂಗಣದಲ್ಲಿ ಕರಿಹಲಗೆ ಇಡಿಸಿ ಪಾಠವನ್ನೇ ಇಟ್ಟುಕೊಂಡೆ. ಗರ್ಭಕೋಶವನ್ನು ಅಳತೆಗೆ ಸರಿಯಾಗಿ ಬರೆದು, ಕೆಳಗಿನ ಕಿರಿದಾದ ಭಾಗಕ್ಕೆ, ಅಂದರೆ ಗರ್ಭಕೊರಳಿಗೆ, ಬಾಣದ ಗುರುತು ಹಾಕಿದ್ದೆ. ಆ ಹೊತ್ತಿಗೆ ನಿನ್ನ ಭಾವ ಬೀಗದ ಕೈ ಕೇಳಿಕೊಂಡು ಒಳಗೆ ಬಂದು, ಹಲಗೆಯನ್ನು ಗಂಭೀರವಾಗಿ ನೋಡಿ, "ನೀರಿನ ತೊಟ್ಟಿ ಸೋರ್ತಾ ಇರೋದು ಅಲ್ಲೇನಾ? ನಾನು ಆಗಲೇ ಹೇಳಿದ್ದೆ" ಎಂದು ಹೋದದ್ದನ್ನು ನೀನೇ ನೋಡಿದ್ದೀಯೆ. ನಗು ನಿಲ್ಲಲು ಕಾಲು ಗಂಟೆ ಹಿಡಿಯಿತು. ಆದರೆ ಅದರಿಂದ ಒಂದು ಉಪಕಾರವಾಯಿತು. ಅಷ್ಟು ನಕ್ಕ ಮೇಲೆ ಯಾರಿಗೂ ಸಂಕೋಚ ಉಳಿಯಲಿಲ್ಲ.

ನೀನು ಆ ಪಾಠದಲ್ಲಿ ಕಡೆಯ ಸಾಲಿನಲ್ಲಿ ಕುಳಿತು ಹೆಣಿಗೆ ಹಾಕುತ್ತಿದ್ದೆ. ಆದ್ದರಿಂದ ಮುಖ್ಯ ಅಂಶಗಳನ್ನು ಮತ್ತೊಮ್ಮೆ ಬರೆಯುತ್ತೇನೆ. ಇದು ಕ್ಯಾನ್ಸರನ್ನು ಹುಡುಕುವ ಪರೀಕ್ಷೆಯಲ್ಲ, ಅದಕ್ಕಿಂತ ಬಹಳ ಮೊದಲಿನದನ್ನು ಹುಡುಕುವುದು. ಗರ್ಭಕೊರಳಿನ ಜೀವಕೋಶಗಳು ಒಂದೇ ದಿನದಲ್ಲಿ ಕೆಡುವುದಿಲ್ಲ. ಒಳ್ಳೆಯ ಹುಡುಗನೊಬ್ಬ ಮೊದಲು ಹಿಂದಿನ ಬೆಂಚಿಗೆ ಹೋಗುತ್ತಾನೆ, ಆಮೇಲೆ ಮನೆಗೆಲಸ ಬಿಡುತ್ತಾನೆ, ಆಮೇಲೆ ಗೋಡೆ ಹಾರುತ್ತಾನೆ. ಹಾಗೆ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಹಿಂದಿನ ಬೆಂಚಿನಲ್ಲಿರುವಾಗಲೇ ಕಣ್ಣಿಗೆ ಬಿದ್ದರೆ ಒಂದು ಗದರಿಕೆ ಸಾಕು. ಗೋಡೆ ಹಾರಿದ ಮೇಲೆ ಪೊಲೀಸರನ್ನು ಕರೆಯಬೇಕು. ಕಂಡುಹಿಡಿಯುವ ದಾರಿಗಳು ಮೂರು. ಹಳೆಯದು, ಅಲ್ಲಿಂದ ಕೆಲವು ಜೀವಕೋಶಗಳನ್ನು ಮೃದುವಾಗಿ ಕೆರೆದು ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ. ಅದಕ್ಕೆ ಪಳಗಿದ ಕಣ್ಣು ಬೇಕು. ಇನ್ನೊಂದು, ನೀರು ಬೆರೆಸಿದ ವಿನೆಗರಿನಂಥ ಆಮ್ಲವನ್ನು ಹಚ್ಚಿ ಒಂದು ನಿಮಿಷ ಕಾಯುವುದು. ಬದಲಾದ ಜಾಗ ಬೆಳ್ಳಗೆ ತಿರುಗಿ ತಾನಾಗಿ ಒಪ್ಪಿಕೊಳ್ಳುತ್ತದೆ. ಇದನ್ನು ಕೇಳಿ ನಮ್ಮ ನೆಲಮಹಡಿಯ ದರ್ಜಿಯಮ್ಮ "ಅಡುಗೆಮನೆ ವಿನೆಗರ್ರಾ ಟೀಚರಮ್ಮ? ಹಾಗಾದ್ರೆ ನಾನೇ ಹಚ್ಕೊಂಡು ಕನ್ನಡೀಲಿ ನೋಡ್ಕೋತೀನಿ" ಎಂದಳು. ನಿಮ್ಮ ಕತ್ತು ಅಷ್ಟು ಬಗ್ಗುವುದಾದರೆ ಸರ್ಕಸ್ಸಿಗೆ ಸೇರಿ, ದರ್ಜಿ ಕೆಲಸ ಬಿಡಿ ಎಂದೆ. ಮೂರನೆಯದು, ಈ ಬದಲಾವಣೆಗೆಲ್ಲ ಮೂಲವಾದ ಎಚ್‌ಪಿವಿ ಎಂಬ ವೈರಾಣು ಅಲ್ಲಿ ಇದೆಯೋ ಇಲ್ಲವೋ ಎಂದು ನೋಡುವುದು. ಇದಕ್ಕೆ ಯಾರ ಮುಂದೆಯೂ ಮಲಗಬೇಕಾಗಿಲ್ಲ. ಸಣ್ಣ ಮೃದು ಕುಂಚವನ್ನು ಬಚ್ಚಲುಮನೆಗೆ ಒಯ್ದು, ತಾನೇ ಒಳಗಿಟ್ಟು ನಾಲ್ಕು ಸುತ್ತು ತಿರುಗಿಸಿ, ದ್ರವವಿರುವ ನಳಿಕೆಯೊಳಗೆ ಅದ್ದಿ ತಂದುಕೊಟ್ಟರಾಯಿತು. ನಮ್ಮ ಕಟ್ಟಡಕ್ಕೆ ಬಂದದ್ದು ಈ ಮೂರನೆಯದೇ. ವಯಸ್ಸಾದವರಿಗೆ ಇದೇ ಮೇಲಂತೆ. ಐವತ್ತು ದಾಟಿದ ಮೇಲೆ ನೋಡಬೇಕಾದ ಜಾಗ ಒಳಕ್ಕೆ ಸರಿದುಕೊಳ್ಳುವುದರಿಂದ ಬರಿಗಣ್ಣಿಗೆ ಸಿಗುವುದು ಕಷ್ಟ ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಆಮೇಲೆ ನನಗೆ ವಿವರಿಸಿದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬರೆಯಲು ಕೈ ಓಡುತ್ತಿಲ್ಲ, ಆದರೂ ಬರೆಯುತ್ತೇನೆ. ಒಟ್ಟು ಹನ್ನೆರಡು ಹೆಂಗಸರು ಸೇರಿದೆವು. ನಾನು, ನೀನು, ಕಟ್ಟಡದವರು ಹತ್ತು ಮಂದಿ. ದಾದಿ ಪೊಟ್ಟಣಗಳನ್ನು ಹಂಚಿ, ನಳಿಕೆ ನಿಲ್ಲಿಸುವ ಚೌಕಟ್ಟು, ಒಂದರಿಂದ ಹನ್ನೆರಡರವರೆಗಿನ ಅಂಟುಚೀಟಿಗಳು, ಒಂದು ಖಾಲಿ ಹಾಳೆ ಇಷ್ಟನ್ನು ನನ್ನ ಮುಂದಿಟ್ಟಳು. ಪಕ್ಕದ ಬೀದಿಯಲ್ಲಿ ಒಂದು ಮಗುವಿಗೆ ಲಸಿಕೆ ಹಾಕಿ ಬರುವುದಿತ್ತು ಅವಳಿಗೆ. "ಒಬ್ಬೊಬ್ಬರು ತಂದುಕೊಟ್ಟ ತಕ್ಷಣ ಚೀಟಿ ಅಂಟಿಸಿ, ಪಕ್ಕದಲ್ಲಿ ಅವರ ಹೆಸರು ಬರೀರಿ ಟೀಚರ್. ಅಷ್ಟೇ" ಎಂದು ಹೇಳಿ ಹೋದಳು. ಹೆಂಗಸರು ಬಂದರು. ಬಂದವರು ಬಂದ ಹಾಗೆ ನಳಿಕೆಯನ್ನು ಚೌಕಟ್ಟಿನಲ್ಲಿ ನಿಲ್ಲಿಸಿದರು, ನಾನು ಹೆಸರು ಬರೆದುಕೊಂಡೆ. ಮುಗಿದ ಮೇಲೆ ಆ ಹಾಳೆಯನ್ನು ನೋಡಿದೆ. ಪುಟ್ಟಿ, ಅದು ಪಟ್ಟಿಯೇ? ಮೇಲಿನ ಮಹಡಿಯವಳು ಕೆಳಗೆ, ಕೆಳಗಿನವಳು ಮೇಲೆ, ಅಕ್ಷರಕ್ಕೂ ಕ್ರಮಕ್ಕೂ ಸಂಬಂಧವಿಲ್ಲ, ನಡುವೆ ಒಂದು ಕಡೆ ಶಾಯಿ ಚೆಲ್ಲಿತ್ತು. ಇಂಥದ್ದೊಂದು ಹಾಳೆಯ ಕೆಳಗೆ ಸಹಿ ಹಾಕುವುದು ನನ್ನಿಂದ ಸಾಧ್ಯವಾಗಲಿಲ್ಲ. ಗೆರೆ ಹಾಕಿದ ಹೊಸ ಹಾಳೆ ತೆಗೆದು, ಹನ್ನೆರಡು ಹೆಸರನ್ನೂ ಹಾಜರಿ ಪುಸ್ತಕದಲ್ಲಿರುವಂತೆ ಅಕಾರಾದಿಯಾಗಿ ಜೋಡಿಸಿ, ದುಂಡಗೆ ಬರೆದು, ಕ್ರಮಸಂಖ್ಯೆ ಹಾಕಿದೆ. ಆಮೇಲೆ ಚೌಕಟ್ಟಿನ ಎಡಗಡೆಯಿಂದ ಶುರುಮಾಡಿ ನಳಿಕೆಗಳಿಗೆ ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿದೆ. ಕೊನೆಗೆ, ಜೀವಮಾನದ ಅಭ್ಯಾಸದಂತೆ, ಕರಡು ಹಾಳೆಯನ್ನು ಎಂಟು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದೆ. ನಾನು ಎಂದೂ ಯಾರಿಗೂ ಕರಡು ತೋರಿಸಿದವಳಲ್ಲ. ದಾದಿ ಬಂದು ಆ ಪಟ್ಟಿಯನ್ನು ನೋಡಿ "ಎಷ್ಟು ಚೆನ್ನಾಗಿದೆ ಟೀಚರ್!" ಎಂದಳು. ನಾನು ಉಬ್ಬಿದೆ. ಏನಾಗಿತ್ತು ಎಂಬುದು ನಿನಗೂ ಈಗ ಹೊಳೆದಿರಬೇಕು. ನಳಿಕೆಗಳು ಹೆಂಗಸರು ಬಂದ ಕ್ರಮದಲ್ಲಿ ನಿಂತಿದ್ದವು, ಹೆಸರುಗಳು ವರ್ಣಮಾಲೆಯ ಕ್ರಮದಲ್ಲಿ ಕುಳಿತಿದ್ದವು.

ಹನ್ನೆರಡು ದಿನದ ನಂತರ ಫಲಿತಾಂಶ ಬಂತು. ಹನ್ನೊಂದರಲ್ಲಿ ಏನೂ ಇಲ್ಲ, ಏಳನೆಯ ನಳಿಕೆಯಲ್ಲಿ ವೈರಾಣು ಇದೆ. ನನ್ನ ಸುಂದರವಾದ ಪಟ್ಟಿಯಲ್ಲಿ ಏಳನೆಯ ಹೆಸರು ದರ್ಜಿಯಮ್ಮನದು. ದಾದಿ ಅವಳ ಮನೆಗೆ ಹೋಗಿ, ಹೆದರಬೇಡಿ, ವೈರಾಣು ಇದೆಯೆಂದರೆ ಕಾಯಿಲೆ ಇದೆಯೆಂದಲ್ಲ, ಒಂದು ಸಲ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು ಎಂದು ನಯವಾಗಿಯೇ ಹೇಳಿದ್ದಾಳೆ. ದರ್ಜಿಯಮ್ಮನಿಗೆ "ದೊಡ್ಡ ಆಸ್ಪತ್ರೆ" ಎಂಬ ಎರಡು ಪದ ಬಿಟ್ಟರೆ ಬೇರೇನೂ ಕಿವಿಗೆ ಬಿದ್ದಿಲ್ಲ. ಎರಡು ದಿನ ಅವಳ ಹೊಲಿಗೆಯಂತ್ರ ನಿಲ್ಲಲೇ ಇಲ್ಲ. ಮೂರನೆಯ ದಿನ ಬೆಳಗ್ಗೆ ಕಟ್ಟಡದ ಪ್ರತಿ ಮನೆಗೂ ತಾನೇ ಹೋಗಿ ಬಟ್ಟೆ ಕೊಟ್ಟಳು. ಮೂರು ತಿಂಗಳಿಂದ "ನಾಳೆ ಖಂಡಿತ" ಎನ್ನುತ್ತಿದ್ದ ನನ್ನ ಕಿಟಕಿ ಪರದೆಗಳೂ ಬಂದವು, ಅಂಚು ಹೊಲಿದು, ಇಸ್ತ್ರಿ ಮಾಡಿ. ಒಟ್ಟು ಹದಿನೇಳು ಬಟ್ಟೆ. ನಾನು ಸಂತೋಷದಿಂದ, ಏನಮ್ಮ ಇಷ್ಟು ಬೇಗ ಎಂದು ಕೇಳಿದೆ. "ಯಾರ ಬಟ್ಟೇನೂ ಉಳಿಸ್ಕೊಂಡು ಸಾಯಬಾರದಲ್ವಾ ಟೀಚರಮ್ಮ" ಎಂದಳು. ಆ ಮುಖ ನೋಡಿ ನನ್ನ ಕೈಯಲ್ಲಿದ್ದ ಪರದೆ ಭಾರವಾಯಿತು. ಕೂರಿಸಿ, ನೀರು ಕೊಟ್ಟು, ಹಿಂದಿನ ಬೆಂಚಿನ ಹುಡುಗನ ಕಥೆಯನ್ನು ಮತ್ತೆ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, ಕಣ್ಣೊರೆಸಿಕೊಂಡು, ಒಂದು ಪ್ರಶ್ನೆ ಕೇಳಿದಳು. "ಅದಿರಲಿ ಟೀಚರಮ್ಮ, ನನ್ನದು ಏಳನೇದು ಹೇಗಾಯ್ತು? ನಾನು ಕೊಟ್ಟಾಗ ಆ ಸ್ಟ್ಯಾಂಡು ಖಾಲಿ ಇತ್ತಲ್ಲ. ಎಡಗಡೆ ಇಡ್ಲಾ ಬಲಗಡೆ ಇಡ್ಲಾ ಅಂತ ಕೇಳಿದ್ದೆ. ಎಡಗಡೆ ಅಂತ ನೀವೇ ಬೈದ್ರಿ."

ಪುಟ್ಟಿ, ನನ್ನ ವಿದ್ಯಾರ್ಥಿಗಳು ಹೇಳುವ ಸುಳ್ಳುಗಳನ್ನೆಲ್ಲ ಅಂದು ನಾನು ನನಗೇ ಹೇಳಿಕೊಂಡೆ. ಅವಳಿಗೆ ಮರೆವು. ಚೌಕಟ್ಟು ತಿರುಗಿರಬೇಕು. ಪ್ರಯೋಗಾಲಯದವರ ತಪ್ಪು. ಸಂಜೆಯ ತನಕ ಈ ಮೂರನ್ನೂ ಹಿಡಿದುಕೊಂಡು ಮನೆಯಲ್ಲಿ ತಿರುಗಿದೆ. ಕೊನೆಗೆ ಹಾಳೆ ಪೆನ್ಸಿಲು ಹಿಡಿದು ಕುಳಿತೆ. ಎರಡೇ ನಿಮಿಷ ಸಾಕಾಯಿತು. ಅವಳ ನಳಿಕೆ ಒಂದನೆಯದು, ಅದರಲ್ಲಿ ಏನೂ ಇಲ್ಲ. ಏಳನೆಯದು ಯಾರದ್ದೆಂದು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಮರುದಿನ ದಾದಿಯ ಮುಂದೆ ಹೋಗಿ ನಿಂತು, ಮೂವತ್ತನಾಲ್ಕು ವರ್ಷ ನನ್ನ ಹಾಜರಿ ಪುಸ್ತಕದಲ್ಲಿ ಒಂದು ಗೀಚೂ ಇರಲಿಲ್ಲ ಎಂದು ಪೀಠಿಕೆ ಹಾಕಿ, ನಡೆದದ್ದನ್ನು ಹೇಳಿದೆ. ಅವಳು ನನ್ನ ಪಟ್ಟಿಯನ್ನು ತೆಗೆದು ನನ್ನ ಮುಂದೆಯೇ ಇಟ್ಟಳು. ಆಮೇಲೆ "ಟೀಚರ್, ನಾನು ಅಂಟಿಸಿ ಅಂದೆ. ಅಂದವಾಗಿ ಬರೀರಿ ಅಂತ ಎಲ್ಲಿ ಅಂದೆ?" ಎಂದಳು. ನನ್ನ ಮಗಳ ವಯಸ್ಸಿನವಳು.

ಬಂದ ಕ್ರಮವನ್ನು ನೆನಪಿಸಿಕೊಂಡರೆ ಏಳನೆಯವರು ಸಿಗುತ್ತಾರಲ್ಲ ಎಂದು ಒಂದು ಪ್ರಯತ್ನ ಮಾಡಿದೆವು. ಎಲ್ಲರನ್ನೂ ಸಭಾಂಗಣಕ್ಕೆ ಕರೆದು, ಅಂದು ಬಂದ ಹಾಗೆಯೇ ಸಾಲಾಗಿ ನಿಲ್ಲಿ ಎಂದೆ. ಮೂರನೆಯ ಮಹಡಿಯ ವಕೀಲೆ, ಅವಳು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ವಿಚಾರಣೆಯ ಜವಾಬ್ದಾರಿ ಹೊತ್ತುಕೊಂಡಳು. ಹತ್ತು ಹೆಂಗಸರಲ್ಲಿ ಏಳನೆಯ ಜಾಗಕ್ಕೆ ಯಾರೂ ಬರಲೊಲ್ಲರು, ಎರಡನೆಯ ಜಾಗಕ್ಕೆ ಐದು ಜನ. "ದರ್ಜಿಯಮ್ಮ ಹೊರಗೆ ಬಂದ ತಕ್ಷಣ ನಾನೇ ಹೋದೆ" ಎಂದು ಒಬ್ಬಳು, "ಸುಳ್ಳು ಹೇಳ್ಬೇಡ, ನೀನು ಬಂದಾಗ ನಾನು ಮುಗಿಸಿ ಕಾಫಿ ಕುಡೀತಾ ಇದ್ದೆ" ಎಂದು ಇನ್ನೊಬ್ಬಳು. "ಕಾಫಿ ಎಲ್ಲಿತ್ತು? ಅವತ್ತು ಟೀಚರ್ ಕೊಟ್ಟಿದ್ದು ಬರೀ ಉಪದೇಶ" ಎಂದು ಮತ್ತೊಬ್ಬಳು. ವಕೀಲೆ ಪ್ರತಿಯೊಬ್ಬರನ್ನೂ "ನಿಮ್ಮ ಮುಂದೆ ಯಾರಿದ್ದರು, ಹಿಂದೆ ಯಾರಿದ್ದರು, ಹೌದು ಇಲ್ಲ ಅಂತ ಮಾತ್ರ ಹೇಳಿ" ಎಂದು ಪ್ರಶ್ನಿಸಿ, ಕೊನೆಗೆ ಲೆಕ್ಕ ಹಾಕಿದಾಗ ಅಂದು ಸಭಾಂಗಣಕ್ಕೆ ಹದಿನಾಲ್ಕು ಜನ ಬಂದಿದ್ದರೆಂದೂ ಅವರಲ್ಲಿ ಮೂವರು ಎರಡೆರಡು ಸಲ ಕೊಟ್ಟಿದ್ದರೆಂದೂ ತೀರ್ಮಾನವಾಯಿತು. ನನ್ನದೇ ಸಾಕ್ಷ್ಯ ಕೇಳಿದರೆ, ನಾನೂ ನೀನೂ ನಡುವೆ ಯಾವಾಗಲೋ ಜನ ಕಡಮೆಯಾದಾಗ ಒಟ್ಟಿಗೇ ಎದ್ದು ಹೋಗಿ ಬಂದದ್ದು ನೆನಪಿದೆ. ಅದು ಎಷ್ಟನೆಯದೆಂದು ಎಣಿಸಿರಲಿಲ್ಲ. ದಾದಿ ಕೈಯೆತ್ತಿ, "ಸಾಕು. ಹನ್ನೆರಡು ಜನಾನೂ ಮತ್ತೆ ಕೊಡಿ" ಎಂದಳು.

ಹೇಳುವುದು ಸುಲಭ. ಸಾಲಿನಲ್ಲಿ ನಗುತ್ತಿದ್ದವರು ಮನೆಗೆ ಹೋದ ಮೇಲೆ ಯೋಚನೆಗೆ ಬಿದ್ದರು. ಒಮ್ಮೆ ಧೈರ್ಯ ಮಾಡಿದ್ದೇ ಹೆಚ್ಚು, ಇನ್ನೊಮ್ಮೆ ಯಾಕೆ? ಈಗ ಅದು ತಮ್ಮದೇ ಆಗಿಬಿಟ್ಟರೆ? ಬಾಗಿಲುಗಳು ಮತ್ತೆ ಮುಚ್ಚಿದವು, ಟೀವಿಗಳು ಮತ್ತೆ ಓಡಿದವು. ಆಗ ನಾನು ಒಂದೊಂದೇ ಬಾಗಿಲು ತಟ್ಟಿದೆ. ಉಪದೇಶ ಮಾಡಲಿಲ್ಲ. ತಪ್ಪು ನನ್ನದು, ನನ್ನ ತಪ್ಪಿಗೆ ನೀವು ಇನ್ನೊಮ್ಮೆ ಕಷ್ಟಪಡಬೇಕಾಗಿದೆ, ಕ್ಷಮಿಸಿ ಎಂದು ನಿಂತೆ. ಮೊದಲ ಬಾಗಿಲಲ್ಲಿ ಈ ವಾಕ್ಯ ನನ್ನ ಬಾಯಿಂದ ಹೊರಡಲು ಎಷ್ಟು ಹೊತ್ತಾಯಿತೆಂದರೆ, ಆ ಮನೆಯವಳು ನಾನು ಸಕ್ಕರೆ ಕೇಳಲು ಬಂದಿದ್ದೇನೆಂದು ಒಂದು ಬಟ್ಟಲು ತಂದುಕೊಟ್ಟಳು. ತೆಗೆದುಕೊಂಡೆ. ಸಕ್ಕರೆ ಹಿಡಿದುಕೊಂಡೇ ಉಳಿದ ಮನೆಗಳಿಗೆ ಹೋದೆ. ಕೊನೆಗೆ ವಕೀಲೆಯ ಮನೆ. ಅವಳು ಪೂರ್ತಿ ಕೇಳಿದಳು. "ಟೀಚರ್, ಉತ್ತರಪತ್ರಿಕೆ ಮೇಲೆ ನಂಬರ್ ತಪ್ಪು ಬರೆದೆ ಅಂತ ಎಂಟನೇ ಕ್ಲಾಸಲ್ಲಿ ಒಂದು ಇಡೀ ಪೀರಿಯಡ್ ನನ್ನನ್ನ ಹೊರಗೆ ನಿಲ್ಲಿಸಿದ್ರಿ, ನೆನಪಿದೆಯಾ?" ಎಂದಳು. ನೆನಪಿರಲಿಲ್ಲ, ಆದರೆ ನಿಲ್ಲಿಸಿರುತ್ತೇನೆ. ಎಷ್ಟು ಹೊತ್ತು ನಿಲ್ಲಲಿ ಎಂದು ಕೇಳಿದೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ; ಬಾಗಿಲು ಅಗಲ ಮಾಡಿ "ಒಳಗೆ ಬನ್ನಿ, ಕಾಲು ನೋಯುತ್ತೆ" ಎಂದಳು. ನಾಳೆ ಮೊದಲು ಕೊಡುವವಳು ನಾನೇ ಎಂದೂ ಹೇಳಿದಳು. ಅವಳು ಒಪ್ಪಿದ ಸುದ್ದಿ ಹರಡಿದ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೆಳಗಿಳಿದರು.

ಎರಡನೆಯ ಸಲ ದಾದಿ ಎಲ್ಲಿಗೂ ಹೋಗಲಿಲ್ಲ. ಚೀಟಿ ಅವಳ ಕೈಯಲ್ಲಿ, ಪೆನ್ನು ಅವಳ ಕಿವಿಯ ಮೇಲೆ. ನಾನು ಸಹಾಯಕ್ಕೆಂದು ಕುರ್ಚಿ ಎಳೆದುಕೊಂಡಾಗ "ನೀವು ಚಹಾ ಮಾಡಿ ಟೀಚರ್" ಎಂದಳು. ಮಾಡಿದೆ. ಅವಳ ಬರವಣಿಗೆ ಕಾಗೆಯ ಕಾಲಿನ ಹಾಗಿದೆ, ಆದರೆ ಪ್ರತಿ ನಳಿಕೆಗೂ ಅದರ ಒಡತಿ ಯಾರೆಂದು ಗೊತ್ತಿದೆ. ಮೊನ್ನೆ ಶುಕ್ರವಾರ ಫಲಿತಾಂಶ ಬಂತು. ಕೊಟ್ಟವರು ಹತ್ತು ಮಂದಿ, ಹತ್ತರಲ್ಲೂ ಏನೂ ಇಲ್ಲ. ವಕೀಲೆ ಫೋನಿನಲ್ಲಿ ಸಿಹಿ ಹಂಚಿ ಎಂದಳು. ದರ್ಜಿಯಮ್ಮ ನಿರಾಳವಾಗಿ ಹೊಸ ಬಟ್ಟೆಗಳನ್ನು ಒಪ್ಪಿಕೊಂಡು ಎಲ್ಲರಿಗೂ "ನಾಳೆ ಖಂಡಿತ" ಎನ್ನತೊಡಗಿದ್ದಾಳೆ. ಆ ಮಾತು ಕೇಳಿ ನನಗೆ ಮೊದಲ ಬಾರಿಗೆ ಸಂತೋಷವಾಯಿತು. ಆದರೆ ಉಳಿದವರು ಕೊಡುವ ತನಕ ಈ ಲೆಕ್ಕ ಮುಗಿಯುವುದಿಲ್ಲ, ಮತ್ತು ಉಳಿದವರಲ್ಲಿ ನೀನೊಬ್ಬಳು.

ಒಲೆಯ ಕಡೆ ನೋಡಬೇಡ. ನಿನ್ನ ಆಕ್ಷೇಪಣೆಗಳು ನನಗೆ ಬಾಯಿಪಾಠ. ನೋವಿಲ್ಲ, ರಕ್ತಸ್ರಾವವಿಲ್ಲ, ಏನೂ ಆಗಿಲ್ಲ ಎನ್ನುತ್ತೀಯೆ. ಏನೂ ಆಗದಿರುವಾಗ ನೋಡುವುದೇ ಈ ಪರೀಕ್ಷೆಯ ಉದ್ದೇಶ. ಅಜ್ಜಿಯಾದ ಮೇಲೆ ಇದೆಲ್ಲ ಬೇಕೇ ಎನ್ನುತ್ತೀಯೆ. ಜೀವಕೋಶಗಳಿಗೆ ಮೊಮ್ಮಕ್ಕಳ ಲೆಕ್ಕ ಗೊತ್ತಿಲ್ಲ. ವೈರಾಣು ಇದ್ದರೆ ಜನ ಏನೆಂದುಕೊಂಡಾರು ಎಂಬುದು ನೀನು ಬಾಯಿಬಿಟ್ಟು ಹೇಳದ ಮೂರನೆಯ ಮಾತು. ಡಾಕ್ಟರಮ್ಮನನ್ನು ನಾನು ಇದನ್ನೇ ಕೇಳಿದೆ. ಮದುವೆಯಾದ ಬಹುಪಾಲು ಹೆಂಗಸರಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ವೈರಾಣು ಬಂದು ಹೋಗುತ್ತದಂತೆ. ಕೆಲವರಲ್ಲಿ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇರುತ್ತದಂತೆ. ಅದು ಯಾರ ನಡತೆಗೂ ಪ್ರಮಾಣಪತ್ರವಲ್ಲ. ಒಂದು ವೇಳೆ ಇದೆ ಎಂದೇ ಬಂದರೆ, ಕಾಲ್ಪೊಸ್ಕೋಪ್ ಎಂಬ ದೊಡ್ಡ ಭೂತಗನ್ನಡಿಯಂಥ ಯಂತ್ರದಲ್ಲಿ ಹೊರಗಿನಿಂದಲೇ ನೋಡುತ್ತಾರೆ. ಅದೇ ವಿನೆಗರಿನಂಥ ಆಮ್ಲ, ಆಮೇಲೆ ಸ್ವಲ್ಪ ಅಯೋಡಿನ್ ಹಚ್ಚುತ್ತಾರೆ. ಸಂಶಯ ಬಂದರೆ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕೆಟ್ಟ ಜಾಗವಿದ್ದರೆ ಅದನ್ನು ಶಾಖ ಕೊಟ್ಟೋ ತಂತಿಯ ಕುಣಿಕೆಯಿಂದಲೋ ತೆಗೆಯುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ನಡೆದುಕೊಂಡು ಬರುತ್ತಾರೆ. ಹೆಚ್ಚಿನವರಲ್ಲಿ ಏನೂ ಸಿಗುವುದೂ ಇಲ್ಲ. ಹೆದರುವಂಥದ್ದು ಒಂದೇ, ನೋಡದೆ ಬಿಡುವುದು.

ಬರೆದದ್ದು ಬಹಳವಾಯಿತು. ನಿನ್ನ ಭಾವ ಈಗಷ್ಟೇ ಬಂದು ಗಡಿಯಾರ ಓಡುತ್ತಿದೆ ಎಂದು ಘೋಷಿಸಿದರು. ಹೌದು, ಓಡುತ್ತಿದೆ, ಹಿಂದಕ್ಕೆ. ಅಳಿಯನಿಗೆ, ಮಗಳಿಗೆ ನನ್ನ ಆಶೀರ್ವಾದ ತಿಳಿಸು. ಮೊಮ್ಮಗಳ ಕೆನ್ನೆಗೆ ನನ್ನ ಲೆಕ್ಕದಲ್ಲಿ ಎರಡು ಮುತ್ತು. ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂರಬೇಡ, ನಡೆ. ನೀನು ಚೆನ್ನಾಗಿರಬೇಕು, ನೂರು ಕಾಲ ಇದ್ದು ನನ್ನ ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಡುತ್ತಲೇ ಇರಬೇಕು.

ಇತಿ ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮತ್ತೆ ಹರಿದೆ. ಹತ್ತು ಮಂದಿ ಎಂದು ಬರೆದು ಬಿಟ್ಟಿದ್ದೇನೆ. ನೀನು ಕಳೆದು ನೋಡುವವಳಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಉಳಿದಿರುವುದು ಎರಡು. ಒಂದು ನಿನ್ನದು, ಒಂದು ನನ್ನದು. ಎರಡನೆಯ ಸಲ ನಾನು ಕೊಡಲಿಲ್ಲ. ಚಹಾದ ಪಾತ್ರೆ ಒಲೆಯ ಮೇಲಿದೆ, ಆಮೇಲೆ ಕೊಡುತ್ತೇನೆ ಎಂದು ದಾದಿಗೆ ಹೇಳಿದೆ, ಆಮೇಲೆ ಕೊಡಲಿಲ್ಲ. ಎಲ್ಲರ ಬಾಗಿಲು ತಟ್ಟಿದವಳು ನಾನು. ನಾನು ಕೊಟ್ಟು, ಏನೂ ಇಲ್ಲವೆಂದು ಬಂದರೆ ಆ ಏಳನೆಯದು ನಿನ್ನದು. ಇದೆಯೆಂದು ಬಂದರೆ ನನ್ನದು. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ ಇಷ್ಟು ದಿನ ಸುಮ್ಮನೆ ಕೂತಿದ್ದೇನೆ. ಹೆದರಿಕೆಯಾಗಿದೆ, ಪುಟ್ಟಿ. ಇದನ್ನು ನಿನ್ನ ಭಾವನಿಗೂ ಹೇಳಿಲ್ಲ. ಡಾಕ್ಟರಮ್ಮ ಮುಂದಿನ ವಾರ ಗುರುವಾರ ಹತ್ತು ಗಂಟೆಗೆ ಇಬ್ಬರಿಗೂ ಸಮಯ ಕೊಟ್ಟಿದ್ದಾರೆ. ನಳಿಕೆಯ ಫಲಿತಾಂಶಕ್ಕಾಗಿ ಕಾಯುವುದು ಬೇಡ, ಮಾದರಿಯನ್ನೂ ತೆಗೆದುಕೊಂಡು ಅಂದೇ ಆ ಯಂತ್ರದಲ್ಲೂ ನೋಡಿಬಿಡೋಣ ಎಂದಿದ್ದಾರೆ. ಅದರ ಹಿಂದಿನ ದಿನ, ಬುಧವಾರದ ಬಸ್ಸಿಗೆ ಬಾ. ಒಳಗೆ ಮೊದಲು ನಾನು ಹೋಗುತ್ತೇನೆ. ನೀನು ಪರದೆಯ ಈಚೆ ನಿಂತು ಏನಾದರೂ ಮಾತಾಡುತ್ತಿರು, ನಿಲ್ಲಿಸಬೇಡ. ಏನು ಬೇಕಾದರೂ ಹೇಳು, ಹೇಗೆ ಬೇಕಾದರೂ ಹೇಳು. ಅವತ್ತೊಂದು ದಿನ ನಾನು ತಿದ್ದುವುದಿಲ್ಲ.